ದಕ್ಷಿಣ ಸ್ಪೇನ್ ನೋಡುವ ಕ್ರಮ: ಕೊರ್ಡೋಬಾದಿಂದ ಗ್ರನಾಡಾವರೆಗೆ ಕಾಲದ ಜಾಡು ಹಿಡಿದು

ಸ್ಪೇನಿಗೆ ಹೋಗುವ ನಮ್ಮವರು ಮ್ಯಾಡ್ರಿಡ್, ಬಾರ್ಸಿಲೋನಾ ಮುಗಿಸಿ, ಮಿಕ್ಕ ಎರಡು ಮೂರು ದಿನದಲ್ಲಿ ದಕ್ಷಿಣಕ್ಕೊಂದು ಸುತ್ತು ಹಾಕಿ ಬರುವುದೇ ಹೆಚ್ಚು. ಗ್ರನಾಡಾದ ಕೋಟೆ-ಅರಮನೆ ಅಲ್ಹಂಬ್ರಾದ ಮುಂದೆ ಒಂದು ಫೋಟೊ, ಸೆವಿಲ್‌ನಲ್ಲಿ ಒಂದು ಫ್ಲಮೆಂಕೊ, ಅಲ್ಲಿಗೆ ಮುಗಿಯಿತು. ಇತಿಹಾಸದಲ್ಲಿ ಆಸಕ್ತಿ ಇರುವವರು ಹೀಗೆ ಮಾಡಬಾರದು. ಮ್ಯಾಡ್ರಿಡ್‌ನಲ್ಲಿ ಇಳಿದವರೇ ದಕ್ಷಿಣದ ರೈಲು ಹತ್ತಿ. ಒಂಬತ್ತು ಹತ್ತು ದಿನವನ್ನು ಪೂರ್ತಿ ಆಂಡಲೂಸಿಯಾಕ್ಕೇ, ಅಂದರೆ ಈ ದಕ್ಷಿಣ ಪ್ರಾಂತ್ಯಕ್ಕೇ, ಇಟ್ಟುಕೊಳ್ಳಿ. ಊರುಗಳನ್ನು ಕಟ್ಟಡಗಳ ಕಾಲದ ಕ್ರಮದಲ್ಲಿ ನೋಡಿ: ಮೊದಲು ಕೊರ್ಡೋಬಾ, ಆಮೇಲೆ ಸೆವಿಲ್, ಕೊನೆಗೆ ಗ್ರನಾಡಾ.

ಈ ಕ್ರಮದ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೊರ್ಡೋಬಾದ ದೊಡ್ಡ ಮಸೀದಿ 8ರಿಂದ 10ನೇ ಶತಮಾನದ್ದು. ಸೆವಿಲ್‌ನ ಹಿರಾಲ್ದಾ ಗೋಪುರ 12ನೆಯದು, ಅಲ್ಲಿನ ಅಲ್ಕಾಸರ್ ಅರಮನೆಯ ಮುಖ್ಯ ಭಾಗ 14ನೆಯದು. ಅಲ್ಹಂಬ್ರಾದ ಅತ್ಯಂತ ಸುಂದರ ಅಂಗಳ ಅದೇ 14ನೇ ಶತಮಾನದ ಉತ್ತರಾರ್ಧದ್ದು. ಅಲ್ಹಂಬ್ರಾವನ್ನೇ ಮೊದಲು ನೋಡಿದವರಿಗೆ ಆ ಕುಸುರಿ ಎಲ್ಲಿಂದಲೋ ಉದುರಿದಂತೆ ಕಾಣುತ್ತದೆ. ಕ್ರಮವಾಗಿ ಹೋದವರಿಗೆ ಒಂದು ಕಮಾನು ಮತ್ತೊಂದಾಗಿ ಬದಲಾಗುವುದು, ಕಲ್ಲು ಹೋಗಿ ಇಟ್ಟಿಗೆ, ಇಟ್ಟಿಗೆ ಹೋಗಿ ಗಾರೆ ಬರುವುದು ಕಣ್ಣೆದುರಿಗೇ ಕಾಣುತ್ತದೆ.

ಮೊದಲು ಇಷ್ಟು ತಲೆಯಲ್ಲಿರಲಿ

711ರಲ್ಲಿ ತಾರಿಕ್ ಇಬ್ನ್ ಜಿಯಾದ್ ಉತ್ತರ ಆಫ್ರಿಕಾದಿಂದ ಜಲಸಂಧಿ ದಾಟಿ ಬಂದ. 756ರಲ್ಲಿ ಡಮಾಸ್ಕಸ್‌ನಿಂದ ತಲೆ ಉಳಿಸಿಕೊಂಡು ಓಡಿಬಂದ ಉಮಯ್ಯದ್ ರಾಜಕುಮಾರ, ಮೊದಲನೆಯ ಅಬ್ದುರ್ರಹಮಾನ್, ಕೊರ್ಡೋಬಾದಲ್ಲಿ ಸ್ವತಂತ್ರ ಆಳ್ವಿಕೆ ಶುರು ಮಾಡಿದ. 929ರಲ್ಲಿ ಮೂರನೆಯ ಅಬ್ದುರ್ರಹಮಾನ್ ತಾನೇ ಖಲೀಫ ಎಂದು ಘೋಷಿಸಿಕೊಂಡ. ಆ ಖಿಲಾಫತ್ 1031ಕ್ಕೆ ಒಡೆದು ಚೂರಾಯಿತು. ಆಮೇಲೆ ಸಣ್ಣಪುಟ್ಟ ರಾಜ್ಯಗಳು, ಮೊರಾಕೊ ಕಡೆಯಿಂದ ಬಂದ ಅಲ್ಮೊರಾವಿದರು, ಅವರ ಹಿಂದೆ ಅಲ್ಮೊಹಾದರು. 1212ರಲ್ಲಿ ಲಾಸ್ ನಾವಾಸ್ ದೆ ತೊಲೋಸಾ ಯುದ್ಧದಲ್ಲಿ ಅಲ್ಮೊಹಾದರ ಬೆನ್ನು ಮುರಿಯಿತು. 1236ರಲ್ಲಿ ಕೊರ್ಡೋಬಾ, 1248ರಲ್ಲಿ ಸೆವಿಲ್ ಕ್ಯಾಸ್ಟೀಲಿನ ದೊರೆ ಮೂರನೆಯ ಫರ್ಡಿನಾಂಡನ ಕೈಸೇರಿದವು. ಗ್ರನಾಡಾದ ನಸ್ರಿದ್ ಸುಲ್ತಾನರು ಮಾತ್ರ ಕಪ್ಪ ಕೊಡುತ್ತ, ರಾಜಿ ಮಾಡುತ್ತ 1492ರ ಜನವರಿ 2ರವರೆಗೆ ಉಳಿದರು.

ಗೈಡುಗಳು ಸಾಮಾನ್ಯವಾಗಿ ಎರಡು ಕಥೆಗಳಲ್ಲಿ ಒಂದನ್ನು ಹೇಳುತ್ತಾರೆ. ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಹಾಲುಜೇನಿನಂತೆ ಬಾಳಿದ ಸುವರ್ಣಯುಗ ಎಂಬುದು ಒಂದು. ಎಂಟು ಶತಮಾನದ ನಿರಂತರ ಧರ್ಮಯುದ್ಧ ಎಂಬುದು ಇನ್ನೊಂದು. ಎರಡನ್ನೂ ಪೂರ್ತಿ ನಂಬಬೇಡಿ. ಕೊರ್ಡೋಬಾದಲ್ಲಿ ಹುಟ್ಟಿದ ಯಹೂದಿ ತತ್ವಜ್ಞಾನಿ ಮೈಮೊನಿಡೀಸ್‌ನ ಕುಟುಂಬ ಊರು ಬಿಟ್ಟದ್ದು ಅಲ್ಮೊಹಾದರ ಒತ್ತಾಯದ ಮತಾಂತರಕ್ಕೆ ಹೆದರಿ. 1391ರಲ್ಲಿ ಸೆವಿಲ್‌ನ ಯಹೂದಿ ಕೇರಿಯಲ್ಲಿ ನಡೆದ ಮಾರಣಹೋಮ ಕ್ರೈಸ್ತರ ಆಳ್ವಿಕೆಯಲ್ಲಿ. ಇವೆರಡರ ನಡುವಿನ ಅವಧಿಯಲ್ಲೇ ಕ್ರೈಸ್ತ ದೊರೆ ಮುಸ್ಲಿಂ ಕುಶಲಕರ್ಮಿಗಳನ್ನು ಕರೆಸಿ ತನ್ನ ಅರಮನೆ ಕಟ್ಟಿಸಿದ್ದೂ ಉಂಟು. ಗೋಡೆಗಳ ಮೇಲೆ ಇದೆಲ್ಲವೂ ಇದೆ, ನಿಧಾನವಾಗಿ ನೋಡಬೇಕು.

ಹಂತ 1: ವೀಸಾ, ಕಾಲ, ಟಿಕೆಟ್

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಬೇಸಿಗೆ ರಜೆಯ ಹೊತ್ತಿಗೆ ವೀಸಾ ಕೇಂದ್ರಗಳಲ್ಲಿ ದಿನಾಂಕ ಸಿಗುವುದೇ ಕಷ್ಟ, ಎರಡು ಮೂರು ತಿಂಗಳು ಮೊದಲೇ ಹಾಕಿಬಿಡಿ. ಜರ್ಮನಿ, ನೆದರ್ಲೆಂಡ್ಸ್ ಮುಂತಾದ ಷೆಂಗೆನ್ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ವಾಸದ ಪರವಾನಗಿ ಇದ್ದರೆ ಬೇರೆ ವೀಸಾದ ಗೊಡವೆ ಇಲ್ಲ.

ಮಾರ್ಚ್ ಕೊನೆಯಿಂದ ಮೇ, ಇಲ್ಲವೇ ಅಕ್ಟೋಬರ್‌ನಿಂದ ನವೆಂಬರ್ ನಡುವಿನವರೆಗೆ ಹೋಗುವುದು ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಕೊರ್ಡೋಬಾ, ಸೆವಿಲ್‌ಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲಬುರಗಿ, ರಾಯಚೂರಿನವರಿಗೆ ಆ ಬಿಸಿಲು ಹೊಸದಲ್ಲದಿರಬಹುದು, ಆದರೆ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಈಸ್ಟರ್‌ಗೆ ಮುಂಚಿನ ವಾರ ಸೆವಿಲ್‌ನಲ್ಲಿ ನಡೆಯುವ ಸೆಮಾನಾ ಸಾಂತಾ ಮೆರವಣಿಗೆ ನೋಡಲೇಬೇಕೆಂದಿದ್ದರೆ ಸರಿ. ಇಲ್ಲದಿದ್ದರೆ ಆ ವಾರ ಬಿಟ್ಟು ಹೋಗಿ. ಕೋಣೆ ಬಾಡಿಗೆ ಏರಿರುತ್ತದೆ, ಬೀದಿಗಳು ಮುಚ್ಚಿರುತ್ತವೆ, ಕೆಥೀಡ್ರಲ್ ನೋಡುವ ಸಮಯವೂ ಮೊಟಕಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ವಿಮಾನದ ಟಿಕೆಟ್ ಆದ ತಕ್ಷಣ ಅಲ್ಹಂಬ್ರಾದ ಟಿಕೆಟ್ ನೋಡಿ, ಹೋಟೆಲ್ ಆಮೇಲೆ. ಅಲ್ಹಂಬ್ರಾ ನಡೆಸುವ ಸರ್ಕಾರಿ ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ಹುಡುಕಿದಾಗ ಮೊದಲು ಬರುವ ಪುಟಗಳಲ್ಲಿ ಹೆಚ್ಚಿನವು ದುಪ್ಪಟ್ಟು ದರದ ಮಧ್ಯವರ್ತಿಗಳದ್ದು. 'ಜನರಲ್' ಟಿಕೆಟ್‌ನಲ್ಲಿ ನಸ್ರಿದ್ ಅರಮನೆಗಳು, ಅಲ್ಕಸಾಬಾ ಕೋಟೆ, ಹೆನೆರಲೀಫೆ ತೋಟ ಮೂರೂ ಸೇರಿರುತ್ತವೆ. ನಸ್ರಿದ್ ಅರಮನೆಗೆ ಮಾತ್ರ ಗಂಟೆ, ನಿಮಿಷ ಗೊತ್ತುಮಾಡಿರುತ್ತದೆ, ಅದು ತಪ್ಪಿದರೆ ಒಳಗೆ ಬಿಡುವುದಿಲ್ಲ. ಟಿಕೆಟ್ ಮೇಲಿನ ಹೆಸರನ್ನು ಪಾಸ್‌ಪೋರ್ಟ್ ಜೊತೆ ತಾಳೆ ನೋಡುತ್ತಾರೆ. ಇಲ್ಲಿ ನಮ್ಮವರಿಗೆ ಒಂದು ತೊಡಕಿದೆ. ನಮ್ಮ ಹೆಸರಲ್ಲಿ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದು ಊರಿನ ಹೆಸರಾಗಿ, ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ಕೆಲವರಿಗೆ ಮನೆಹೆಸರಿನ ಜಾಗವೇ ಖಾಲಿ. ಆಧಾರ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಹೇಗಿದೆ ಎಂಬುದನ್ನು ಮರೆತು, ಪಾಸ್‌ಪೋರ್ಟ್‌ನಲ್ಲಿ ಅಕ್ಷರ ಹೇಗಿದೆಯೋ ಹಾಗೇ ತುಂಬಿ. ಸೆವಿಲ್‌ನ ಅಲ್ಕಾಸರ್‌ಗೂ ಸಮಯ ಗೊತ್ತುಮಾಡಿದ ಟಿಕೆಟ್ ಬೇಕು, ಅದನ್ನೂ ಮೊದಲೇ ತೆಗೆದುಕೊಳ್ಳಿ.

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ಕೊರ್ಡೋಬಾಕ್ಕೆ ವೇಗದ ರೈಲಿನಲ್ಲಿ ಒಂದೂಮುಕ್ಕಾಲು ಗಂಟೆ. ಅಲ್ಲಿಂದ ಸೆವಿಲ್‌ಗೆ ಮುಕ್ಕಾಲು ಗಂಟೆ. ಸೆವಿಲ್‌ನಿಂದ ಗ್ರನಾಡಾಕ್ಕೆ ಬಸ್ಸಿನಲ್ಲಿ ಸುಮಾರು ಮೂರು ಗಂಟೆ, ರೈಲೂ ಇದೆ. ವೇಗದ ರೈಲು ಹತ್ತುವ ಮುನ್ನ ಬ್ಯಾಗು ತಪಾಸಣೆ ಇರುವುದರಿಂದ ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿರಿ. ಹಳೆಯ ಊರುಗಳ ಒಳಗೆ ಕಾರು ತರುವ ಯೋಚನೆಯನ್ನೇ ಬಿಡಿ.

ಹಂತ 2: ಕೊರ್ಡೋಬಾ, ಎರಡು ರಾತ್ರಿ

ಬಹಳ ಜನ ಸೆವಿಲ್‌ನಿಂದ ಬೆಳಿಗ್ಗೆ ಬಂದು ಸಂಜೆಗೆ ಹೋಗಿಬಿಡುತ್ತಾರೆ. ನೀವು ಉಳಿದುಕೊಳ್ಳಿ. ಮೆಸ್ಕೀತಾ ಎಂದು ಕರೆಯುವ ಹಳೆಯ ಮಸೀದಿ, ಈಗಿನ ಕೆಥೀಡ್ರಲ್, ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಉಚಿತವಾಗಿ ತೆರೆದಿರುವ ರೂಢಿ ಇದೆ. ಹಬ್ಬದ ದಿನಗಳಲ್ಲಿ ಇರುವುದಿಲ್ಲ, ಹಿಂದಿನ ದಿನ ವಿಚಾರಿಸಿಕೊಳ್ಳಿ. ಆ ಒಂದು ಗಂಟೆ ಗುಂಪುಗಳಿಲ್ಲ, ಮಾತಿಲ್ಲ. ಆಮೇಲೆ ಬೇಕೆಂದರೆ ಟಿಕೆಟ್ ಕೊಟ್ಟು ಮತ್ತೊಮ್ಮೆ ಹೋಗಿ. ಹೋಗಲೇಬೇಕು ಎನಿಸುತ್ತದೆ.

ಒಳಗೆ 856 ಕಂಬಗಳಿವೆ. ಎಲ್ಲವನ್ನೂ ಒಟ್ಟಿಗೆ ನೋಡಿ ಬೆರಗಾಗಿ ಮುಂದೆ ಹೋಗುವುದು ಸುಲಭ. ಹಾಗೆ ಮಾಡದೆ ಬಾಗಿಲ ಹತ್ತಿರದ, ಅತ್ಯಂತ ಹಳೆಯ ಭಾಗದಲ್ಲಿ ನಿಂತು ಅಕ್ಕಪಕ್ಕದ ನಾಲ್ಕೈದು ಕಂಬಗಳನ್ನು ಮೇಲಿನಿಂದ ಕೆಳಗೆ ನೋಡಿ. ಒಂದು ಕಪ್ಪು, ಒಂದು ಗುಲಾಬಿ, ಇನ್ನೊಂದರ ಮೈಮೇಲೆ ಸುರುಳಿ ಗೆರೆ. ಮೇಲಿನ ಬೋದಿಗೆಗಳೂ ಒಂದೇ ಥರ ಇಲ್ಲ. ಇವೆಲ್ಲ ರೋಮನ್ನರ, ಅವರ ನಂತರ ಇಲ್ಲಿ ಆಳಿದ ವಿಸಿಗಾಥರ ಕಾಲದ ಕಟ್ಟಡಗಳಿಂದ ತಂದು ಮತ್ತೆ ಬಳಸಿದವು. 785ರ ಸುಮಾರಿಗೆ ಕೆಲಸ ಶುರುವಾದಾಗ ಸಿಕ್ಕ ಕಂಬಗಳು ಇಷ್ಟು ದೊಡ್ಡ ಸಭಾಂಗಣಕ್ಕೆ ಕುಳ್ಳ. ಅದಕ್ಕೇ ಶಿಲ್ಪಿಗಳು ಒಂದರ ಮೇಲೊಂದು ಎರಡು ಕಮಾನು ಕಟ್ಟಿ ಸೂರನ್ನು ಎತ್ತರಿಸಿದರು. ಕೆಳಗಿನದು ಕುದುರೆ ಲಾಳದ ಆಕಾರ, ಮೇಲಿನದು ಅರ್ಧವೃತ್ತ. ಕೆಂಪು ಇಟ್ಟಿಗೆ, ಬಿಳಿಚು ಕಲ್ಲು ಒಂದು ಬಿಟ್ಟೊಂದು. ಕೊರತೆಯಿಂದ ಹುಟ್ಟಿದ ಉಪಾಯವೇ ಈ ಕಟ್ಟಡದ ಹೆಗ್ಗುರುತಾಯಿತು.

ಈಗ ದಕ್ಷಿಣ ದಿಕ್ಕಿಗೆ ನಡೆಯಿರಿ. ಎರಡನೆಯ ಅಲ್ ಹಕಮ್ 960ರ ದಶಕದಲ್ಲಿ ವಿಸ್ತರಿಸಿದ ಭಾಗ ಬರುತ್ತದೆ. ಕಮಾನುಗಳು ಹೂವಿನ ದಳಗಳಂತೆ ಸೀಳಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಪ್ರಾರ್ಥನೆಯ ದಿಕ್ಕು ತೋರುವ ಗೋಡೆಯ ಗೂಡು, ಮಿಹ್ರಾಬ್‌ನ ಸುತ್ತ ಚಿನ್ನದ ಬಣ್ಣದ ಗಾಜಿನ ಚೂರುಗಳ ಕೆಲಸವಿದೆ. ಅದನ್ನು ಮಾಡಿದ್ದು ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿ ಗಾಜಿನ ಚೂರುಗಳ ಸಮೇತ ಕಳಿಸಿಕೊಟ್ಟ ಕುಶಲಕರ್ಮಿ. ಆಮೇಲೆ ಪೂರ್ವದ ಕಡೆಗೆ ತಿರುಗಿ. ಅಲ್ಲಿನ ಕಮಾನುಗಳ ಕೆಂಪು ಇಟ್ಟಿಗೆಯದಲ್ಲ, ಕಲ್ಲಿನ ಮೇಲೆ ಬಳಿದ ಬಣ್ಣ. 987ರಲ್ಲಿ ಮಂತ್ರಿ ಅಲ್ ಮನ್ಸೂರ್ ಅವಸರದಲ್ಲಿ ಕಟ್ಟಿಸಿದ ಭಾಗ ಇದು. ದಕ್ಷಿಣಕ್ಕೆ ನದಿ ಅಡ್ಡ ಇದ್ದುದರಿಂದ ಪಕ್ಕಕ್ಕೆ ಬೆಳೆಸಬೇಕಾಯಿತು, ಹಾಗಾಗಿ ಮಿಹ್ರಾಬ್ ಈಗ ನಟ್ಟನಡುವೆ ಇಲ್ಲ. ಕಂಬಗಳ ಮೈಮೇಲೆ ಅರಬ್ಬಿ ಅಕ್ಷರದಲ್ಲಿ ಕೆತ್ತಿದ ಸಣ್ಣ ಗುರುತುಗಳು ಕಣ್ಣಿಗೆ ಬೀಳುತ್ತವೆ. ಅವು ಕಲ್ಲುಕುಟಿಗರ ಹೆಸರುಗಳು. ಖಲೀಫರ ಹೆಸರಿಗಿಂತ ಇವನ್ನು ಹುಡುಕುತ್ತ ಹೋಗುವುದೇ ನನಗೆ ಹೆಚ್ಚು ಇಷ್ಟ.

ನಡುಮಧ್ಯದಲ್ಲಿ ಕಂಬಗಳನ್ನು ಕಿತ್ತು ಎಬ್ಬಿಸಿದ ಎತ್ತರದ ಕೆಥೀಡ್ರಲ್ ಇದೆ. 1523ರಲ್ಲಿ ಅದರ ಕೆಲಸ ಆರಂಭವಾದಾಗ ಊರಿನ ನಗರಸಭೆಯೇ ಕಟುವಾಗಿ ವಿರೋಧಿಸಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಬಿಷಪ್ ಪರ ನಿಂತ. ಈ ಚಾರ್ಲ್ಸ್‌ನ ಹೆಸರು ನೆನಪಿಟ್ಟುಕೊಳ್ಳಿ, ಸೆವಿಲ್‌ನಲ್ಲೂ ಗ್ರನಾಡಾದಲ್ಲೂ ಮತ್ತೆ ಎದುರಾಗುತ್ತಾನೆ.

ಎರಡನೆಯ ದಿನ ಊರಿನಿಂದ ಎಂಟು ಕಿಲೋಮೀಟರ್ ಪಶ್ಚಿಮಕ್ಕೆ ಮದೀನತ್ ಅಲ್ ಜಹ್ರಾ. ಮೂರನೆಯ ಅಬ್ದುರ್ರಹಮಾನ್ 936ರ ಸುಮಾರಿಗೆ ಕಟ್ಟಿಸಲು ಶುರು ಮಾಡಿದ ರಾಜಧಾನಿ. ನೂರು ವರ್ಷವೂ ಬಾಳಲಿಲ್ಲ, 1010ರ ಅಂತಃಕಲಹದಲ್ಲಿ ಲೂಟಿಯಾಗಿ ಹಾಳುಬಿತ್ತು. 1911ರಲ್ಲಿ ಉತ್ಖನನ ಆರಂಭವಾಗಿ ಇಂದಿಗೂ ಸಣ್ಣ ಭಾಗವಷ್ಟೇ ಹೊರಬಂದಿದೆ. 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮೊದಲು ಕೆಳಗಿರುವ ವಸ್ತುಸಂಗ್ರಹಾಲಯ ನೋಡಿ, ಆಮೇಲೆ ಅಲ್ಲಿಂದ ಹೊರಡುವ ಬಸ್ಸಿನಲ್ಲಿ ಮೇಲಿನ ಅವಶೇಷಕ್ಕೆ ಹೋಗಿ. ಹಂಪಿಯ ಅಂತಃಪುರದ ಅಡಿಪಾಯಗಳ ನಡುವೆ ಅಡ್ಡಾಡಿದವರಿಗೆ ಇಲ್ಲಿ ಕಲ್ಪನೆ ಹೇಗೆ ಕೆಲಸ ಮಾಡಬೇಕೆಂದು ಹೇಳಿಕೊಡಬೇಕಿಲ್ಲ. ಸೋಮವಾರ ಮುಚ್ಚಿರುತ್ತದೆ. ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವಕ್ಕೆ ಸೋಮವಾರವೇ ರಜೆ, ಇಡೀ ಪ್ರವಾಸದ ದಿನಗಳನ್ನು ಇದನ್ನು ನೋಡಿಕೊಂಡೇ ಹೊಂದಿಸಿ.

ವಾಪಸ್ ಬಂದು ಸಂಜೆ ಯಹೂದಿ ಕೇರಿಯಲ್ಲಿ 1315ರ ಪುಟ್ಟ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಹೋಗಿ. ಹತ್ತು ನಿಮಿಷದಲ್ಲಿ ನೋಡಿ ಮುಗಿಯುವಷ್ಟು ಚಿಕ್ಕದು. ಗೋಡೆಯ ಗಾರೆ ಕೆಲಸ ಥೇಟ್ ಅರಬ್ಬಿ ಶೈಲಿಯದು, ಅಕ್ಷರ ಹೀಬ್ರೂ, ಕಟ್ಟುವಾಗ ಊರು ಕ್ರೈಸ್ತ ದೊರೆಯದು. ಮೇ ತಿಂಗಳ ಮೊದಲ ಎರಡು ವಾರದಲ್ಲಿ ಹೋದರೆ ಮನೆಗಳ ಹೂವಿನ ಅಂಗಳಗಳನ್ನು ಊರವರು ಎಲ್ಲರಿಗೂ ತೆರೆದಿಟ್ಟಿರುತ್ತಾರೆ.

ಹಂತ 3: ಸೆವಿಲ್, ಮೂರು ರಾತ್ರಿ

ಕೆಥೀಡ್ರಲ್‌ಗೆ ಹೋಗುವ ಮುನ್ನ ಅದರ ಉತ್ತರ ಗೋಡೆಯ 'ಕ್ಷಮೆಯ ಬಾಗಿಲು' ನೋಡಿ. ಅಲ್ಮೊಹಾದರ ಕಾಲದ ಮಸೀದಿಯ ಕಂಚು ಹೊದಿಸಿದ ಕದಗಳು ಇನ್ನೂ ಅಲ್ಲೇ ಇವೆ. ಒಳಗಿನ ಕಿತ್ತಳೆ ಮರಗಳ ಅಂಗಳ ಮಸೀದಿಯ ಅಂಗಳವೇ. ಹಿರಾಲ್ದಾ ಗೋಪುರ 1184ರಿಂದ 1198ರ ನಡುವೆ ಮಿನಾರ್ ಆಗಿ ಎದ್ದದ್ದು. ಮೇಲಿನ ಗಂಟೆಗಳ ಭಾಗ 16ನೇ ಶತಮಾನದ ಸೇರ್ಪಡೆ. ಹತ್ತಲು ಮೆಟ್ಟಿಲಿಲ್ಲ, 35 ಇಳಿಜಾರುಗಳಿವೆ. ಮೊಣಕಾಲು ನೋವಿನವರೂ ನಿಧಾನಕ್ಕೆ ಹತ್ತಬಹುದು. ಹೊರಗೋಡೆಯ ಇಟ್ಟಿಗೆಯ ಜಾಲರಿ ಕೆಲಸ ಗಮನಿಸಿ. ಕೊರ್ಡೋಬಾದಲ್ಲಿ ಭಾರ ಹೊರುತ್ತಿದ್ದ ಹೆಣೆದ ಕಮಾನು ಇಲ್ಲಿ ಬರೀ ಅಲಂಕಾರವಾಗಿ ಗೋಡೆ ಹತ್ತಿದೆ.

ಕೊಲಂಬಸ್‌ನ ಸಮಾಧಿಯ ಸುತ್ತ ಯಾವಾಗಲೂ ಗುಂಪು. ನನ್ನ ಮಟ್ಟಿಗೆ ಈ ಕೆಥೀಡ್ರಲ್‌ನ ಅತಿ ಮುಖ್ಯ ಬರಹ ಇರುವುದು ಊರನ್ನು ಗೆದ್ದ ಮೂರನೆಯ ಫರ್ಡಿನಾಂಡನ ಸಮಾಧಿಯಲ್ಲಿ. ಅವನ ಚರಮವಾಕ್ಯವನ್ನು ಲ್ಯಾಟಿನ್, ಕ್ಯಾಸ್ಟೀಲಿಯನ್, ಅರಬ್ಬಿ, ಹೀಬ್ರೂ, ನಾಲ್ಕೂ ಭಾಷೆಗಳಲ್ಲಿ ಕೆತ್ತಿದ್ದಾರೆ. ಅದು ಪ್ರಾರ್ಥನೆಗೆ ಮೀಸಲಾದ ಭಾಗದಲ್ಲಿದೆ, ತೆರೆದಿದ್ದರೆ ಸದ್ದಿಲ್ಲದೆ ಹೋಗಿ ಬನ್ನಿ.

ಅಲ್ಕಾಸರ್‌ಗೆ ಬೆಳಗಿನ ಮೊದಲ ಸರದಿಯ ಟಿಕೆಟ್ ತೆಗೆದುಕೊಳ್ಳಿ. ನೇರವಾಗಿ ದೊರೆ ಮೊದಲನೆಯ ಪೇದ್ರೊನ ಅರಮನೆಯ ಮುಂಭಾಗಕ್ಕೆ ಹೋಗಿ ತಲೆಯೆತ್ತಿ ನೋಡಿ. ಪೇದ್ರೊ ಇದನ್ನು ಕಟ್ಟಿಸಿದ ಎಂದು ಅಂಚಿನಲ್ಲಿ ಗೋಥಿಕ್ ಅಕ್ಷರದ ಶಾಸನವಿದೆ. ಕೊಟ್ಟಿರುವ ವರ್ಷ 1402, ಆಗಿನ ಸ್ಪೇನಿನ ಶಕೆಯದು, ನಮ್ಮ ಲೆಕ್ಕಕ್ಕೆ 1364. ಅದರ ಒಳಗೆ, ನೀಲಿ ಬಿಲ್ಲೆಗಳಲ್ಲಿ, ಕೋನಕೋನವಾದ ಕೂಫಿ ಅಕ್ಷರ. ಅದು ಗ್ರನಾಡಾ ಸುಲ್ತಾನರ ಲಾಂಛನವಾಕ್ಯ: ದೇವರ ಹೊರತು ವಿಜಯಿ ಇಲ್ಲ. ಕ್ರೈಸ್ತ ದೊರೆಯ ಬಾಗಿಲ ಮೇಲೆ ಅರಬ್ಬಿ ವಾಕ್ಯ ಹೇಗೆ ಬಂತು? ಗ್ರನಾಡಾದ ಐದನೆಯ ಮುಹಮ್ಮದ್ ಪಟ್ಟ ಕಳೆದುಕೊಂಡಿದ್ದಾಗ ಅದನ್ನು ಮರಳಿ ಪಡೆಯಲು ನೆರವಾದವನು ಪೇದ್ರೊ. ಈ ಅರಮನೆಯ ಕೆಲಸಕ್ಕೆ ಗ್ರನಾಡಾದ ಕುಶಲಕರ್ಮಿಗಳು ಬಂದರು. ಅದೇ ಮುಹಮ್ಮದ್ ಮುಂದೆ ಅಲ್ಹಂಬ್ರಾದಲ್ಲಿ ಸಿಂಹಗಳ ಅಂಗಳ ಕಟ್ಟಿಸಿದ. ಇದಕ್ಕಾಗಿಯೇ ಗ್ರನಾಡಾಕ್ಕೆ ಮೊದಲು ಸೆವಿಲ್ ನೋಡಿ ಎನ್ನುವುದು.

1526ರಲ್ಲಿ ಐದನೆಯ ಚಾರ್ಲ್ಸ್ ಮದುವೆಯಾದದ್ದು ಇದೇ ಅಲ್ಕಾಸರ್‌ನಲ್ಲಿ. ಮದುವೆ ಮುಗಿಸಿ ಹೆಂಡತಿಯೊಡನೆ ಆ ಬೇಸಿಗೆ ಕಳೆಯಲು ಹೋದದ್ದು ಅಲ್ಹಂಬ್ರಾಕ್ಕೆ.

ಎದುರಿಗೇ ಇಂಡೀಸ್, ಅಂದರೆ ಸ್ಪೇನಿನ ಅಮೆರಿಕ ವಸಾಹತುಗಳ, ದಾಖಲೆಗಳ ಭಂಡಾರ ಇದೆ, ಪ್ರವೇಶ ಉಚಿತ. 1503ರಿಂದ ಎರಡು ಶತಮಾನ ಅಮೆರಿಕದ ಜೊತೆಗಿನ ಸ್ಪೇನಿನ ವ್ಯಾಪಾರವನ್ನೆಲ್ಲ ಈ ಊರಿನಿಂದಲೇ ನಿಯಂತ್ರಿಸುತ್ತಿದ್ದರು. ಸುಮಾರು ಎಂಟು ಕೋಟಿ ಪುಟಗಳಷ್ಟು ಕಡತ ಇಲ್ಲಿ ಸೇರಿದೆ. ಅಮೆರಿಕದ ಮೆಣಸಿನಕಾಯಿ ಮೊದಲು ಯುರೋಪ್ ಕಂಡದ್ದು ಕೊಲಂಬಸ್‌ನ ಹಡಗುಗಳಲ್ಲಿ. ಆಮೇಲೆ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಬ್ಯಾಡಗಿಯ ಕೆಂಪು ರಾಶಿಯ ಹಿಂದಿನ ಕಥೆಯ ಮೊದಲ ಅಧ್ಯಾಯ ಆಂಡಲೂಸಿಯಾದ ಬಂದರುಗಳಲ್ಲೇ ತೆರೆದುಕೊಂಡದ್ದು.

ಒಂದು ಅರ್ಧ ದಿನ ಸಾಂತಿಪೋನ್ಸೆ ಎಂಬಲ್ಲಿರುವ ಇತಾಲಿಕಾಗೆ, ಊರ ಬಸ್ಸು ಸಾಕು. ಕ್ರಿ.ಪೂ. 206ರಲ್ಲಿ ರೋಮನ್ ಸೇನಾಪತಿ ಸಿಪಿಯೊ ನೆಲೆಗೊಳಿಸಿದ ಊರು, ಚಕ್ರವರ್ತಿ ಟ್ರಾಜನ್‌ನ ಹುಟ್ಟೂರು. ಬಯಲುರಂಗ, ನೆಲದ ಮೇಲಿನ ಹಕ್ಕಿಗಳ ಚಿತ್ತಾರ ಎರಡನ್ನೂ ಬಿಡಬೇಡಿ. ನೆರಳು ಕಡಿಮೆ, ಬೆಳಿಗ್ಗೆಯೇ ಹೋಗಿ.

ಒಂದು ದಿನ ರೈಲಿನಲ್ಲಿ ಕಾಡಿಜ್‌ಗೆ ಹೋಗಿಬನ್ನಿ. ಫಿನೀಷಿಯನ್ ವರ್ತಕರು ಕಟ್ಟಿದ, ಮೂರು ಕಡೆ ಕಡಲಿರುವ ಊರು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಮನುಷ್ಯಾಕಾರದ ಎರಡು ಅಮೃತಶಿಲೆಯ ಶವಪೆಟ್ಟಿಗೆಗಳಿವೆ. ಗಂಡಿನದು 1887ರಲ್ಲಿ ಸಿಕ್ಕಿತು. ಮುಂದೆ ಆ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಪುರಾತತ್ವಜ್ಞ ಪೆಲಾಯೊ ಕಿಂತೇರೊ ಇದಕ್ಕೊಂದು ಹೆಣ್ಣಿನ ಜೋಡಿ ಇದ್ದೇ ಇದೆ ಎಂದು ನಂಬಿ ವರ್ಷಗಟ್ಟಲೆ ಹುಡುಕಿದರು. ಸಿಗಲಿಲ್ಲ, ತೀರಿಕೊಂಡರು. 1980ರಲ್ಲಿ ಅದು ಸಿಕ್ಕಿತು, ಅವರ ಮನೆ ಇದ್ದ ಜಾಗದಲ್ಲೇ, ನೆಲದಡಿ.

ಹಂತ 4: ಗ್ರನಾಡಾ, ಮೂರು ರಾತ್ರಿ

ಮೊದಲ ಸಂಜೆಯೇ ಅಲ್ಹಂಬ್ರಾಕ್ಕೆ ಓಡಬೇಡಿ. ಎದುರಿನ ಗುಡ್ಡ ಅಲ್ಬಾಯ್ಸಿನ್‌ನ ಓಣಿಗಳಲ್ಲಿ ಸುತ್ತಾಡಿ. ಹಳೆಯ ಮುಸ್ಲಿಂ ಬಡಾವಣೆ ಇದು. ಅಲ್ಲಲ್ಲಿ ಬೀದಿಬದಿಯಲ್ಲಿ ಇಟ್ಟಿಗೆ ಕಮಾನಿನ ಬಾಯಿ ಇರುವ ನೀರಿನ ತೊಟ್ಟಿಗಳು ಕಾಣುತ್ತವೆ, ಪ್ರತಿ ಮಸೀದಿಯ ಪಕ್ಕ ಇದ್ದಂಥವು. ಮಸೀದಿಗಳು ಚರ್ಚುಗಳಾದವು, ತೊಟ್ಟಿಗಳು ಉಳಿದವು. ಸಾನ್ ಹೊಸೆ ಚರ್ಚಿನ ಗಂಟೆಗೋಪುರ ನಿಂತು ನೋಡಿ, ಅದು ಮೊದಲು ಮಿನಾರ್. ಕೆಳಗೆ ಬಿಬ್ ರಂಬ್ಲಾ ಚೌಕಕ್ಕೆ ಇಳಿದರೆ ಹೂವಿನಂಗಡಿ, ಚಾಕೊಲೇಟ್ ಅಂಗಡಿ. 1500ರ ಆಸುಪಾಸಿನಲ್ಲಿ ಕಾರ್ಡಿನಲ್ ಸಿಸ್ನೆರೊಸ್ ಅರಬ್ಬಿ ಹಸ್ತಪ್ರತಿಗಳನ್ನು ರಾಶಿ ಹಾಕಿ ಸುಡಿಸಿದ ಎಂದು ಹೇಳುವ ಜಾಗ ಇದೇ. ಶರಣಾಗತಿ ಒಪ್ಪಂದದಲ್ಲಿ ಮುಸ್ಲಿಮರಿಗೆ ಅವರ ಧರ್ಮ ಉಳಿಸಿಕೊಳ್ಳುವ ಮಾತು ಕೊಟ್ಟಿದ್ದರು. ಹತ್ತು ವರ್ಷವೂ ನಡೆಯಲಿಲ್ಲ. ಯಹೂದಿಗಳನ್ನು ಹೊರಹಾಕುವ ಆಜ್ಞೆಗೆ 1492ರ ಮಾರ್ಚ್ 31ರಂದು ಇದೇ ಊರಿನಲ್ಲಿ ಸಹಿ ಬಿತ್ತು. ಮತಾಂತರಗೊಂಡ ಮುಸ್ಲಿಮರ ವಂಶಸ್ಥರನ್ನೂ 1609ರಿಂದ 1614ರ ನಡುವೆ ದೇಶದಿಂದ ಅಟ್ಟಿದರು. ಅಲ್ಹಂಬ್ರಾದ ಚೆಲುವು ನೋಡುವ ಮೊದಲು ಈ ಓಣಿಗಳಲ್ಲಿ ಯಾರು ಇಲ್ಲ ಎಂಬುದು ಗೊತ್ತಿರಬೇಕು.

ಅಲ್ಹಂಬ್ರಾಕ್ಕೆ ಒಂದಿಡೀ ದಿನ ಇಡಿ. ಊರಿನಿಂದ ಕಾಡಿನ ದಾರಿಯಲ್ಲಿ ಹತ್ತಿ, 1348ರ 'ನ್ಯಾಯದ ಬಾಗಿಲಿ'ನಿಂದ ಒಳಹೋಗಿ. ಹೊರಕಮಾನಿನ ಮೇಲೆ ಒಂದು ಹಸ್ತ, ಒಳಕಮಾನಿನ ಮೇಲೆ ಒಂದು ಕೀಲಿ ಕೆತ್ತಿದೆ. ನಿಮ್ಮ ನಸ್ರಿದ್ ಅರಮನೆಯ ಸಮಯಕ್ಕಿಂತ ಅರ್ಧ ಗಂಟೆ ಮುಂಚೆ ಅಲ್ಲಿ ಸಾಲಿನ ಹತ್ತಿರ ಇರಿ. ಹೆನೆರಲೀಫೆ ಇನ್ನೊಂದು ತುದಿಯಲ್ಲಿದೆ, ಅಲ್ಲಿಂದ ನಡೆದು ಬರಲು ಕಾಲು ಗಂಟೆಗೂ ಮೇಲೆ ಬೇಕು. ಪಾಸ್‌ಪೋರ್ಟ್ ಕೈಯಲ್ಲಿರಲಿ.

ಒಳಗೆ ಹೋದ ಮೇಲೆ ಒಂದೇ ಒಂದು ಗೋಡೆ ಆರಿಸಿಕೊಂಡು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಸೊಂಟದೆತ್ತರಕ್ಕೆ ಬಣ್ಣದ ಬಿಲ್ಲೆಗಳು, ಒಂದೊಂದು ಆಕಾರವನ್ನೂ ಬೇರೆಬೇರೆ ಕತ್ತರಿಸಿ ಜೋಡಿಸಿದ್ದು. ಅದರ ಮೇಲೆ ಅಕ್ಷರಗಳ ಪಟ್ಟಿ. ಸೆವಿಲ್‌ನಲ್ಲಿ ನೋಡಿದ ಅದೇ ಲಾಂಛನವಾಕ್ಯ ಇಲ್ಲಿ ನೂರಾರು ಕಡೆ. ಅದರ ಮೇಲೆ ಗಾರೆಯ ಕುಸುರಿ, ಸಂದುಗಳಲ್ಲಿ ನೀಲಿಯ ಅಂಶ ಇನ್ನೂ ಉಳಿದಿರುತ್ತದೆ. ಈಗ ನಾವು ಕಾಣುವ ಬಿಳುಪು ಮೂಲದ ಬಣ್ಣವಲ್ಲ, ಇಡೀ ಗೋಡೆ ಕೆಂಪು, ನೀಲಿ, ಚಿನ್ನದಲ್ಲಿ ಹೊಳೆಯುತ್ತಿತ್ತು. ಕೊರ್ಡೋಬಾದ ಕಲ್ಲಿಗೆ ಹೋಲಿಸಿದರೆ ಗಾರೆ, ಮರ, ಇಟ್ಟಿಗೆ ಅಗ್ಗದ ಸಾಮಗ್ರಿ. ಕುಗ್ಗುತ್ತಿದ್ದ ರಾಜ್ಯವೊಂದು ಕೈಚಳಕದಿಂದಲೇ ವೈಭವ ಕಟ್ಟಿಕೊಂಡಿತ್ತು.

ಸಿಂಹಗಳ ಅಂಗಳದಲ್ಲಿ 124 ತೆಳುಗಂಬಗಳು, ನಡುವೆ 12 ಸಿಂಹಗಳು ಹೊತ್ತ ಬೋಗುಣಿ. ಅದರ ಅಂಚಿನಲ್ಲಿ ಕೆತ್ತಿರುವುದು ಕವಿ ಇಬ್ನ್ ಜಮ್ರಕ್‌ನ ಪದ್ಯ. ಹರಿಯುವ ನೀರು, ನಿಂತ ಅಮೃತಶಿಲೆ, ಇವೆರಡರಲ್ಲಿ ಹರಿಯುತ್ತಿರುವುದು ಯಾವುದು ಎಂದು ತಿಳಿಯದು ಎಂಬ ಭಾವ ಅದರಲ್ಲಿದೆ. ಪಕ್ಕದ 'ಇಬ್ಬರು ಸೋದರಿಯರ ಕೋಣೆ'ಯ ಸೂರಿಗೆ ಐದು ಸಾವಿರಕ್ಕೂ ಹೆಚ್ಚು ಗಾರೆಯ ತುಣುಕುಗಳನ್ನು ಜೋಡಿಸಿದ್ದಾರೆ. ಕತ್ತು ನೋಯುವಷ್ಟು ಹೊತ್ತು ನೋಡಿ.

ಹೊರಬಂದರೆ ಐದನೆಯ ಚಾರ್ಲ್ಸ್‌ನ ಅರಮನೆ: ಹೊರಗೆ ಚೌಕ, ಒಳಗೆ ದುಂಡು ಅಂಗಳ, 1527ರಲ್ಲಿ ಶುರುವಾದ ಅಪ್ಪಟ ಯುರೋಪಿನ ನವೋದಯ (ರೆನೆಸಾನ್ಸ್) ಶೈಲಿ. ಹಲವರು ಇದನ್ನು ಅಲ್ಹಂಬ್ರಾದ ಮೇಲಿನ ಗಾಯ ಎನ್ನುತ್ತಾರೆ. ಕಟ್ಟಡವಾಗಿ ಅದು ಅದ್ಭುತವಾದದ್ದೇ. ಜಾಗದ ಆಯ್ಕೆಯ ಬಗ್ಗೆ ನನಗೂ ತಕರಾರಿದೆ. ಒಳಗಿನ ವಸ್ತುಸಂಗ್ರಹಾಲಯ ಉಚಿತ, ಗುಂಪೂ ಇರುವುದಿಲ್ಲ.

ಕೊನೆಗೆ ಹೆನೆರಲೀಫೆ. ಇಡೀ ಗುಡ್ಡಕ್ಕೆ ನೀರು ಬರುವುದು ದಾರೊ ನದಿಯ ಮೇಲ್ಭಾಗದಿಂದ ಗುಡ್ಡದ ಮೈಗುಂಟ ತಂದ 'ರಾಜಕಾಲುವೆ'ಯಲ್ಲಿ, 13ನೇ ಶತಮಾನದ ಕೆಲಸ. ತೋಟದ ಮೇಲ್ತುದಿಯಲ್ಲಿ 'ನೀರಿನ ಮೆಟ್ಟಿಲು' ಇದೆ. ಎರಡೂ ಬದಿಯ ಕೈಗೋಡೆಯ ಮೇಲೆ ಹೆಂಚು ಅಂಗಾತ ಇಟ್ಟಂಥ ತೋಡು, ಅದರಲ್ಲಿ ನೀರು ಓಡುತ್ತಿರುತ್ತದೆ. ಹತ್ತುವಾಗ ಕೈಯಿಟ್ಟು ನೋಡಿ, ಮೇ ಬಿಸಿಲಲ್ಲೂ ತಣ್ಣಗಿರುತ್ತದೆ.

ಮರುದಿನ ಊರೊಳಗಿನ ರಾಜಮನೆತನದ ಚಾಪೆಲ್‌ನಲ್ಲಿ 1492ರಲ್ಲಿ ಗ್ರನಾಡಾ ಗೆದ್ದ ರಾಣಿ ಇಸಬೆಲ್ಲಾ, ಅವಳ ಗಂಡ ಫರ್ಡಿನಾಂಡ್ (ಸೆವಿಲ್ ಗೆದ್ದ ಮೂರನೆಯ ಫರ್ಡಿನಾಂಡ್ ಅಲ್ಲ) ಸಮಾಧಿ. ಮೇಲೆ ಅಮೃತಶಿಲೆಯ ಆಡಂಬರ, ಕೆಳಗಿನ ನೆಲಮಾಳಿಗೆಯಲ್ಲಿ ಸಾದಾ ಸೀಸದ ಪೆಟ್ಟಿಗೆಗಳು. ಬಾಗಿಲೆದುರೇ 1349ರ ಮದರಸಾ.

ಹಂತ 5: ಫ್ಲಮೆಂಕೊ ಕೇಳುವುದಕ್ಕೆ

ಇದರಲ್ಲಿ ನೃತ್ಯಕ್ಕಿಂತ ಹಾಡು ದೊಡ್ಡದು. ಇದನ್ನು ಬೆಳೆಸಿದವರಲ್ಲಿ ಮುಖ್ಯರು ಹಿತಾನೊ ಎಂದು ಕರೆಯುವ ರೋಮಾ ಜನ. ಅವರ ಪೂರ್ವಜರು ಸುಮಾರು ಸಾವಿರ ವರ್ಷದ ಹಿಂದೆ ವಾಯವ್ಯ ಭಾರತದಿಂದ ಹೊರಟವರು, 1425ರಲ್ಲಿ ಸ್ಪೇನಿನ ದಾಖಲೆಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತಾರೆ. 1749ರಲ್ಲಿ ಸರ್ಕಾರ ದೇಶದಾದ್ಯಂತ ಅವರನ್ನು ಒಂದೇ ಬಾರಿಗೆ ಹಿಡಿದು ಸೆರೆಗೆ ತಳ್ಳಿತು. ಫ್ಲಮೆಂಕೊ ಕಥಕ್‌ನಿಂದ ನೇರ ಬಂದದ್ದು ಎಂದು ಭಾರತೀಯರನ್ನು ಕಂಡೊಡನೆ ಹೇಳುವವರಿದ್ದಾರೆ. ಅಷ್ಟು ಸರಳವಾಗಿಲ್ಲ. ಅರಬ್ಬಿ, ಯಹೂದಿ, ಆಂಡಲೂಸಿಯಾದ ಜನಪದ, ಕ್ಯೂಬಾದ ಲಯ, ಎಲ್ಲ ಕೂಡಿ 18, 19ನೇ ಶತಮಾನದಲ್ಲಿ ಇಲ್ಲಿಯೇ ರೂಪುಗೊಂಡ ಕಲೆ.

ಕೇಳುವಾಗ ಲಯ ಹಿಡಿಯಿರಿ. ಸೊಲೆಯಾ ಎಂಬ ಪ್ರಕಾರಕ್ಕೆ 12 ಎಣಿಕೆಯ ಆವರ್ತ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ತಾಳ ಹಾಕಿ ಅಭ್ಯಾಸ ಇರುವವರಿಗೆ ಮೂರು ನಾಲ್ಕು ಆವರ್ತದಲ್ಲಿ ಸಿಕ್ಕಿಬಿಡುತ್ತದೆ. ಸಿಕ್ಕಿತೆಂದು ಜೊತೆಗೆ ಚಪ್ಪಾಳೆ ಹಾಕಲು ಹೋಗಬೇಡಿ. ಅಲ್ಲಿ ಚಪ್ಪಾಳೆ ಒಂದು ವಾದ್ಯ, ನುಡಿಸುವವರು ವೇದಿಕೆಯ ಮೇಲೆಯೇ ಇರುತ್ತಾರೆ. ಊಟದ ಜೊತೆ ಪ್ರದರ್ಶನ ಕೊಡುವ ದೊಡ್ಡ ಜಾಗಗಳಿಗಿಂತ 'ಪೇನ್ಯಾ' ಎನ್ನುವ ರಸಿಕರ ಸಂಘಗಳು ಮೇಲು. ಗ್ರನಾಡಾದ ಪೇನ್ಯಾ ಲಾ ಪ್ಲಾತೆರಿಯಾ 1949ರಿಂದ ಇದೆ. ಹೊರಗಿನವರಿಗೆ ಪ್ರವೇಶವಿರುವ ದಿನ ಯಾವುದೆಂದು ಕೇಳಿ ಹೋಗಿ.

ಊಟದ ಮಾತು

ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿಯದು ಒಂಬತ್ತರ ಮೇಲೆ. ಸಂಜೆ ಆರಕ್ಕೆ ಹಸಿವಾದರೆ ಅಡುಗೆಮನೆ ಮುಚ್ಚಿರುತ್ತದೆ, ಚೀಲದಲ್ಲಿ ಏನಾದರೂ ಇರಲಿ. ಸಸ್ಯಾಹಾರಿಗಳು 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್' ಎಂದು ಮೂರನ್ನೂ ಹೇಳಬೇಕು: ಮಾಂಸ ಬೇಡ, ಮೀನು ಬೇಡ, ಹ್ಯಾಮ್ ಬೇಡ. ಹ್ಯಾಮ್ ಬೇರೆಯಾಗಿ ಹೇಳದಿದ್ದರೆ ತರಕಾರಿಯ ಮೇಲೂ ಚೂರು ಉದುರಿಸಿ ತರುತ್ತಾರೆ. ಮೊಟ್ಟೆ ತಿನ್ನದವರು 'ಸಿನ್ ಹುಯೆವೊ' ಎಂಬುದರ ಬದಲು 'ಸಿನ್ ವೇವೊ' ಎಂದು ಉಚ್ಚರಿಸಿ, ಆಗ ಅರ್ಥವಾಗುತ್ತದೆ. ಕೊರ್ಡೋಬಾದ ಸಲ್ಮೊರೇಹೊ ಟೊಮೆಟೊ, ಬ್ರೆಡ್, ಆಲಿವ್ ಎಣ್ಣೆ ಅರೆದು ಮಾಡುವ ತಣ್ಣನೆಯ ಗಟ್ಟಿ ಸಾರು, ಮೇಲಿನ ಹ್ಯಾಮ್, ಮೊಟ್ಟೆ ಬಿಟ್ಟು ಕೊಡಿ ಎನ್ನಿ. ಅಲ್ಲಿಯದೇ ಕರಿದ ಬದನೆಯ ಮೇಲೆ ಕಬ್ಬಿನ ಕಾಕಂಬಿ ಸುರಿದ ತಿನಿಸು ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತದೆ. ಸೆವಿಲ್‌ನಲ್ಲಿ ಪಾಲಕ್ ಮತ್ತು ಕಾಬೂಲ್ ಕಡಲೆಯ ಪಲ್ಯ ಕೇಳಿ, ಜೀರಿಗೆ ಘಮ ಇರುತ್ತದೆ. ಕಬ್ಬು, ಬದನೆ, ಭತ್ತ ಮೂರೂ ಏಷ್ಯಾದಿಂದ ಅರಬ್ಬರ ಜೊತೆ ಈ ನೆಲಕ್ಕೆ ಬಂದ ಬೆಳೆಗಳು.

ಇನ್ನೂ ಒಂದು ದಿನ ಉಳಿದಿದ್ದರೆ

ರೊಂಡಾದ ಕಮರಿಯ ಮೇಲಿನ 1793ರ ಸೇತುವೆ ಚೆಂದವೇ, ಆದರೆ ಒಂದು ದಿನ ಮಾತ್ರ ಇದ್ದರೆ ನನ್ನ ಮತ ಅಂತೆಕೇರಾಕ್ಕೆ. ಗ್ರನಾಡಾದಿಂದ ಮಾಲಗಾ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಹೆಚ್ಚು ಸುತ್ತೂ ಆಗುವುದಿಲ್ಲ. ಊರಿನ ಅಂಚಿನಲ್ಲಿ ಮೆಂಗಾ, ವಿಯೇರಾ ಎಂಬ ಎರಡು ಬೃಹತ್ ಶಿಲಾಗೋರಿಗಳು, ಸ್ವಲ್ಪ ದೂರದಲ್ಲಿ ಎಲ್ ರೊಮೆರಾಲ್. ಮೆಂಗಾ ಐದೂವರೆ ಸಾವಿರ ವರ್ಷಕ್ಕೂ ಹಳೆಯದು, ಅದರ ಒಂದು ಹಾಸುಗಲ್ಲು ನೂರು ಟನ್ನಿಗೂ ಮಿಗಿಲು ತೂಗುತ್ತದೆ. ಇಂಥ ಗೋರಿಗಳ ಬಾಗಿಲು ಸಾಮಾನ್ಯವಾಗಿ ಸೂರ್ಯೋದಯದ ದಿಕ್ಕಿಗೆ. ವಿಯೇರಾ ಹಾಗೇ ಇದೆ. ಮೆಂಗಾದ ಬಾಗಿಲು ಮಾತ್ರ ಮಲಗಿದ ಮುಖದಂತೆ ಕಾಣುವ ಪೇನ್ಯಾ ದೆ ಲೊಸ್ ಎನಮೊರಾದೊಸ್ ಬೆಟ್ಟದ ಕಡೆಗಿದೆ. ಒಳಗೆ ತುದಿಯವರೆಗೆ ಹೋಗಿ ತಿರುಗಿ ನಿಲ್ಲಿ, ಬಾಗಿಲಿನ ಚೌಕಟ್ಟಿನಲ್ಲಿ ಆ ಬೆಟ್ಟ ಕೂತಿರುತ್ತದೆ. ಪ್ರವೇಶಕ್ಕೆ ಹಣವಿಲ್ಲ, ಇದಕ್ಕೂ ಸೋಮವಾರ ರಜೆ. ಅಂತೆಕೇರಾ ಹೆಸರಿನ ರೈಲು ನಿಲ್ದಾಣಗಳು ಎರಡಿವೆ, ಸಾಂತಾ ಆನಾ ಎಂದು ಸೇರಿಸಿರುವುದು ಊರಿನಿಂದ ಹದಿನೈದು ಕಿಲೋಮೀಟರ್‌ಗೂ ಹೆಚ್ಚು ದೂರ. ಟಿಕೆಟ್ ಕೊಳ್ಳುವಾಗ ಊರೊಳಗಿನ ನಿಲ್ದಾಣವನ್ನೇ ಆರಿಸಿ, ಇಲ್ಲವೇ ಬಸ್ಸಿನಲ್ಲಿ ಹೋಗಿ.